ಕೀಟಶಾಸ್ತ್ರವೋ, ಸಸ್ಯರೋಗಶಾಸ್ತ್ರವೋ: ಸ್ನಾತಕೋತ್ತರಕ್ಕೆ ಯಾವುದನ್ನು ಆರಿಸಿಕೊಳ್ಳಲಿ?

ಪ್ರಶ್ನೆ (ಎಣ್ಮಕಜೆಯಿಂದ)

ಹಿರಿಯರಿಗೆ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಪಡನ್ನಕ್ಕಾಡ್ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಸಂಪಾಜೆಯಲ್ಲಿರುವ ನನ್ನ ಸೋದರಮಾವನ ಅಡಿಕೆ ತೋಟದ ಬಹುಪಾಲನ್ನು ಹಳದಿ ರೋಗ ತೆಗೆದುಕೊಂಡು ಹೋಯಿತು. ಸೋಗೆಯ ತುದಿಯಿಂದ ಹಳದಿ ಏರತೊಡಗಿದಾಗ ಮೊದಲು ಬಂದು ನೋಡಿದವರು ಪೋಷಕಾಂಶದ ಕೊರತೆ ಎಂದರು. ಎರಡು ವರ್ಷ ಗೊಬ್ಬರ ಹಾಕಿದ ಮೇಲೆ ಬಂದವರು ರೋಗವೆಂದರು. ಅದನ್ನು ಹರಡುವುದು ಒಂದು ಜಿಗಿಹುಳು ಎಂದು ಮತ್ತೊಬ್ಬರು ತಿಳಿಸುವಷ್ಟರಲ್ಲಿ ಮರಗಳ ತಲೆ ಸಣ್ಣದಾಗಿತ್ತು, ಅಡಿಕೆಯ ತಿರುಳು ಕಪ್ಪಾಗಿತ್ತು.

ಈ ವಿಷಯದಲ್ಲೇ ಸಂಶೋಧನೆ ಮಾಡಬೇಕೆಂಬುದು ನನ್ನ ಆಸೆ. ಆದರೆ ಕೀಟಕ್ಕೊಂದು ವಿಭಾಗ, ರೋಗಕ್ಕೊಂದು ವಿಭಾಗ ಎಂದು ಹಂಚಿಹೋಗಿರುವಾಗ ನಾನು ಯಾವ ಬಾಗಿಲಿನಿಂದ ಒಳಗೆ ಹೋಗಬೇಕು? ಕೀಟಶಾಸ್ತ್ರ ಓದಿದವರಿಗೆ ರೋಗದ ಮೇಲೆ ಕೆಲಸ ಮಾಡುವ ಅವಕಾಶ ನಿಜವಾಗಿ ಸಿಗುತ್ತದೆಯೇ?

ಉತ್ತರ 1 (ನಿವೃತ್ತ ಕೀಟವಿಜ್ಞಾನಿ, ಕಾಸರಗೋಡು)

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಕೀಟಶಾಸ್ತ್ರವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಅದಕ್ಕೆ ಕಾರಣವನ್ನು ಹಳದಿ ರೋಗದಿಂದಲೇ ಹೇಳುತ್ತೇನೆ.

ಮಧ್ಯ ಕೇರಳದಲ್ಲಿ 1949ರ ಸುಮಾರಿಗೆ ದಾಖಲಾದ ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ರೋಗಾಣು. ಗಾಜಿನ ತಟ್ಟೆಯಲ್ಲಿ ಶಿಲೀಂಧ್ರವನ್ನು ಬೆಳೆಸಿದಂತೆ ಇದನ್ನು ಬೆಳೆಸಲು ಬರುವುದಿಲ್ಲ. ಇದು ಮರದ ಆಹಾರನಾಳದಲ್ಲಿ ಮತ್ತು ಆ ರಸವನ್ನು ಹೀರುವ ಕೀಟದ ದೇಹದಲ್ಲಿ ಮಾತ್ರ ಬದುಕುತ್ತದೆ. ಇಂಥ ರೋಗಾಣುಗಳಿವೆ ಎಂಬುದನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದೇ 1967ರಲ್ಲಿ. ಆದ್ದರಿಂದ ಒಂದು ಕೀಟ ರೋಗವನ್ನು ಹರಡುತ್ತದೆ ಎಂದು ತೋರಿಸಬೇಕಾದರೆ, ಅದನ್ನು ರೋಗವಿರುವ ಮರದ ಮೇಲೆ ಬಿಟ್ಟು, ಬಳಿಕ ಬೇರೆ ಯಾವ ಕೀಟವೂ ನುಸುಳದ ಬಲೆಮನೆಯೊಳಗಿನ ಆರೋಗ್ಯವಂತ ಸಸಿಗಳಿಗೆ ದಾಟಿಸಿ, ಆ ಸಸಿಗಳಲ್ಲಿ ಲಕ್ಷಣ ಕಾಣಿಸಿಕೊಳ್ಳುವವರೆಗೆ ಕಾಯಬೇಕು. ಸಸಿ ಹಳದಿಯಾದರೂ ಸಾಲದು, ಅದರೊಳಗೆ ರೋಗಾಣುವಿದೆ ಎಂಬುದೂ ಸಿದ್ಧವಾಗಬೇಕು. ಹಳದಿ ರೋಗದ ವಾಹಕವೆಂದು ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಜಿಗಿಹುಳುವನ್ನು ಗೊತ್ತುಮಾಡಿದ್ದು ಈ ದಾರಿಯಿಂದಲೇ.

ಇಲ್ಲಿ ಕೀಟಶಾಸ್ತ್ರದ ಬೆಲೆ ಗೊತ್ತಾಗುವ ಒಂದು ಸಂಗತಿ ಇದೆ. ಈ ಜಿಗಿಹುಳುವಿನ ಪ್ರೌಢ ಕೀಟ ಸೋಗೆಯ ಅಡಿಯಲ್ಲಿ ಕುಳಿತು ರಸ ಹೀರುತ್ತದೆ, ಆದರೆ ಅದರ ಮರಿಗಳು ಮರದ ಮೇಲೆ ಬೆಳೆಯುವುದಿಲ್ಲ. ನೆಲದಲ್ಲಿ ಕೊಳೆಯುತ್ತಿರುವ ಕಸಕಡ್ಡಿಯ ನಡುವೆ ಬೆಳೆಯುತ್ತವೆ. ರೋಗವನ್ನಷ್ಟೇ ಬಲ್ಲವನು ಮರದ ತಲೆಯನ್ನೇ ನೋಡುತ್ತಾನೆ, ಕೀಟದ ಬದುಕನ್ನು ಬಲ್ಲವನು ಬುಡದ ಕಸವನ್ನೂ ಕೆದಕಿ ನೋಡುತ್ತಾನೆ.

ಈ ಎರಡು ವಿಭಾಗಗಳ ನಡುವಿನ ಗೋಡೆ ಬಹಳ ಹಳೆಯದೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೀಟ, ರೋಗ ಎರಡನ್ನೂ ನೋಡಿಕೊಂಡರು. ಅಡಿಕೆಯ ಕೊಳೆರೋಗದ ಶಿಲೀಂಧ್ರವನ್ನು ವಿವರಿಸಿ, ಮೈಲುತುತ್ತು-ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿದವರೂ ಅವರೇ, ಕೀಟವಿಜ್ಞಾನಿ ಕುಂಞಿ ಕಣ್ಣನ್ ಅವರೊಡನೆ 1911ರಲ್ಲಿ ಭತ್ತದ ಮಿಡತೆಯ ಬಗ್ಗೆ ಬರೆದವರೂ ಅವರೇ. ನಮ್ಮ ಊರಿನಲ್ಲೇ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲಿ ಇಂದಿಗೂ ಕೀಟ ಮತ್ತು ರೋಗದವರು ಒಂದೇ ಬೆಳೆಸಂರಕ್ಷಣಾ ವಿಭಾಗದಲ್ಲಿ ಕೆಲಸ ಮಾಡುತ್ತಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತೋಟದ ಬೆಳೆಯ ಪ್ರಯೋಗಗಳು ವರ್ಷಗಟ್ಟಲೆ ಎಳೆಯುತ್ತವೆ, ಪಿಎಚ್.ಡಿ.ಯ ಅವಧಿಯಾದರೋ ಮೂರು ನಾಲ್ಕು ವರ್ಷ. ಅದಕ್ಕಾಗಿ ಪ್ರಬಂಧಕ್ಕೆ ಸಣ್ಣದೊಂದು ತುಂಡನ್ನು ಆರಿಸಿಕೊಂಡು, ದೊಡ್ಡ ಪ್ರಶ್ನೆಯನ್ನು ಉದ್ಯೋಗದ ಕಾಲಕ್ಕೆ ಇಟ್ಟುಕೊಳ್ಳಿ.

ಉತ್ತರ 2 (ಕೃಷಿಕ, ಪೆರ್ಲದ ಸಮೀಪ)

ನೀವು ನಮ್ಮದೇ ಪಂಚಾಯತಿನ ಮಗಳು ಎಂದು ತಿಳಿದು ಬರೆಯುತ್ತಿದ್ದೇನೆ. ಗೇರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಸುರಂಗಗಳಿಂದ ಇಳಿದು ಬರುವ ನೀರನ್ನೇ ಕುಡಿಯುವ ಊರು ನಮ್ಮದು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ; ಅಷ್ಟರೊಳಗೆ ನಮ್ಮ ಮನೆಗಳಲ್ಲಿ ಏನಾಗಿತ್ತು ಎಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಟೀ ಸೊಳ್ಳೆ ವರ್ಷವಿಡೀ ಕಾಡುವ ಕೀಟವಲ್ಲ. ಅದು ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಏರುತ್ತದೆ, ಚಗಳಿ ಇರುವೆ ಗೂಡು ಕಟ್ಟಿದ ಮರದಲ್ಲಿ ಅದರ ಹಾವಳಿ ಕಡಿಮೆ. ಇದನ್ನು ಮರದಿಂದ ಮರಕ್ಕೆ ಹೋಗಿ ಎಣಿಸಿ ನೋಡುವವರು ಬೇಕಾಗಿತ್ತು. ಆಕಾಶದಿಂದ ಸುರಿಯುವುದಕ್ಕೆ ಎಣಿಕೆ ಬೇಕಾಗಲಿಲ್ಲ. ಯಾವ ಮದ್ದು ಹೊಡೆಯಬೇಕೆಂದು ಹೇಳುವವರು ಪೇಟೆಯ ಅಂಗಡಿಯಲ್ಲೂ ಸಿಗುತ್ತಾರೆ. ಯಾವಾಗ ಹೊಡೆಯಬಾರದು ಎಂದು ಲೆಕ್ಕ ಇಟ್ಟು ಹೇಳುವವರು ನಮಗೆ ಬೇಕು. ನೀವು ಯಾವ ವಿಭಾಗಕ್ಕೆ ಸೇರಿದರೂ ಅದನ್ನು ಕಲಿತುಬನ್ನಿ.

ಉತ್ತರ 3 (ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು)

ತಂಗಿ, ನಾನೂ ಬದಿಯಡ್ಕದ ಕಡೆಯವಳು. ಓದಿನ ಕ್ರಮದ ಬಗ್ಗೆ ಮಾತ್ರ ಹೇಳುತ್ತೇನೆ. ಕೀಟಶಾಸ್ತ್ರದ ಎಂ.ಎಸ್ಸಿ.ಯಲ್ಲಿ ರೋಗಾಣುಗಳನ್ನು ಹರಡುವ ಕೀಟಗಳ ಬಗ್ಗೆಯೇ ಒಂದು ಪತ್ರಿಕೆ ಇದೆ, ಜೊತೆಗೆ ಸಸ್ಯರೋಗಶಾಸ್ತ್ರದ ಪತ್ರಿಕೆಗಳನ್ನು ಉಪವಿಷಯವಾಗಿ ತೆಗೆದುಕೊಳ್ಳಬಹುದು. ಪ್ರವೇಶಕ್ಕೆ ಐ.ಸಿ.ಎ.ಆರ್. (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಪರೀಕ್ಷೆ ಬರೆಯಿರಿ. ಮುಂದೆ ವಿಜ್ಞಾನಿಯ ಹುದ್ದೆಗೆ ಎ.ಆರ್.ಎಸ್. (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ, ಅಧ್ಯಾಪನಕ್ಕೆ ನೆಟ್ ಅರ್ಹತಾ ಪರೀಕ್ಷೆ. ಎರಡನ್ನೂ ನಡೆಸುವುದು ಒಂದೇ ಮಂಡಳಿ. ಹುದ್ದೆಗಳು ಕಡಿಮೆ, ಕಾಯುವ ಕಾಲ ಹೆಚ್ಚು ಎಂಬುದನ್ನು ಮನೆಯವರಿಗೆ ಈಗಲೇ ತಿಳಿಸಿಡಿ.

ವರ್ಗೀಕರಣವನ್ನು ಹಗುರವಾಗಿ ನೋಡಬೇಡಿ. 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಹೊಸದೊಂದು ಬಿಳಿನೊಣ ಕಾಣಿಸಿಕೊಂಡಾಗ, ಅದು ಯಾವ ಜಾತಿಯೆಂದು ಗುರುತಿಸಿದ್ದರಿಂದಲೇ ಅದರೊಳಗೆ ಮೊಟ್ಟೆಯಿಡುವ ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜವನ್ನು ನಂಬಿ, ಕೀಟನಾಶಕ ಹೊಡೆಯಬೇಡಿ ಎಂದು ರೈತರಿಗೆ ಧೈರ್ಯವಾಗಿ ಹೇಳಲು ಸಾಧ್ಯವಾಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕೀಟಶಾಸ್ತ್ರಕ್ಕೇ ಅರ್ಜಿ ಹಾಕುತ್ತೇನೆ. ರಜೆಯಲ್ಲಿ ಸಂಪಾಜೆಗೆ ಹೋಗಿ, ಉಳಿದಿರುವ ಮರಗಳ ಬುಡದ ಕಸವನ್ನು ವಾರಕ್ಕೊಮ್ಮೆ ಕೆದಕಿ, ಸಿಕ್ಕಿದ ಮರಿಗಳನ್ನು ಮರವಾರು ಎಣಿಸಿಡಬೇಕೆಂದಿದ್ದೇನೆ. ಮರಿಗಳನ್ನು ಮದ್ಯಸಾರದಲ್ಲಿ ಇಟ್ಟರೆ ಮುಂದೆ ಗುರುತಿಸಲು ಸಾಕೇ?

ಉತ್ತರ 1ರವರಿಂದ

ಸಾಕು. ಆದರೆ ಕೆಲವನ್ನು ಜೀವಂತವಾಗಿಯೇ ಅದೇ ಕಸದೊಂದಿಗೆ ಡಬ್ಬಿಯಲ್ಲಿಟ್ಟು ಪ್ರೌಢವಾಗುವವರೆಗೆ ಸಾಕಿ, ಏಕೆಂದರೆ ಮರಿಯನ್ನು ಮಾತ್ರ ನೋಡಿ ಜಾತಿ ಹೇಳುವುದು ಕಷ್ಟ. ಮದ್ಯಸಾರದ ಸೀಸೆ, ಡಬ್ಬಿ ಎರಡರ ಚೀಟಿಯಲ್ಲೂ ದಿನಾಂಕ, ಮರದ ಸಂಖ್ಯೆ, ಆ ಮರದ ಸೋಗೆ ಹಳದಿಯೋ ಹಸಿರೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಮದ್ಯಸಾರದಲ್ಲಿ ಅಳಿಸಿಹೋಗುತ್ತದೆ.