ತೂಕ ಇಳಿಸುವ ಇಂಜೆಕ್ಷನ್ ಬಂದಮೇಲೆ ಸಣ್ಣ ಜಿಮ್‌ನವರ ಗತಿ ಏನು?

ಕಬ್ಬಿಣದಣ್ಣ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಒಂದು ಸಣ್ಣ ಜಿಮ್ ನಡೆಸುತ್ತಿದ್ದೇನೆ. ಏಸಿ ಇಲ್ಲ. ಟ್ರೆಡ್‌ಮಿಲ್ ಎರಡಿವೆ, ಅದರಲ್ಲಿ ಒಂದು ಕರೆಂಟ್ ಸ್ವಲ್ಪ ಏರುಪೇರಾದರೂ ಮುನಿಸಿಕೊಂಡು ನಿಂತುಬಿಡುತ್ತದೆ. ನನ್ನ ಹೊಟ್ಟೆಪಾಡು ನಡೆಯುವುದು ಬೈಸೆಪ್ಸ್ ಹುಡುಗರಿಂದ ಅಲ್ಲ, ಅವರು ಮೂರು ತಿಂಗಳ ಫೀಸ್ ಕೊಟ್ಟು ಆರು ತಿಂಗಳು ಬರುತ್ತಾರೆ. ಮದುವೆ ಹತ್ತಿರ ಬಂತು ಅನ್ನುವವರು, ಶುಗರ್ ಬಂತು ಡಾಕ್ಟರು ಬೈದರು ಅನ್ನುವವರು, ಹೆರಿಗೆ ಆದಮೇಲೆ ದಪ್ಪ ಆದೆ ಅನ್ನುವವರು, ಇವರೇ ನನಗೆ ಅನ್ನ.

ಕಳೆದ ತಿಂಗಳು ರಿನ್ಯೂವಲ್ ಮಾಡಿಸದ ನಾಲ್ಕು ಜನಕ್ಕೆ ಫೋನ್ ಮಾಡಿದೆ. ಇಬ್ಬರು ಇಂಜೆಕ್ಷನ್ ಶುರು ಮಾಡಿದ್ದಾರಂತೆ. ವಾರಕ್ಕೊಂದು. ಅದರಲ್ಲಿ ಒಬ್ಬರ ಜೊತೆ ನಾನು ಒಂದು ವರ್ಷ ಒದ್ದಾಡಿ ಇಳಿಸಿದ್ದು ನಾಲ್ಕು ಕೆಜಿ. ಈಗ ನಾಲ್ಕೇ ತಿಂಗಳಿಗೆ ಒಂಬತ್ತು ಅಂತ ಖುಷಿಯಾಗಿ ಹೇಳಿದರು. ನಾನೂ ಖುಷಿಯಾಯ್ತು ಸರ್ ಅಂದೆ, ಇನ್ನೇನು ಹೇಳಲಿ.

ಇನ್ನೊಂದು. ಮೊನ್ನೆ ಒಬ್ಬ ಹುಡುಗ ಫೋನ್‌ನಲ್ಲಿ ಒಂದು ಹೋರಿ ತೋರಿಸಿದ. ತೊಡೆ, ಬೆನ್ನು ಎಲ್ಲ ಉಬ್ಬಿ, ಸ್ಪರ್ಧೆಗೆ ಎಣ್ಣೆ ಹಚ್ಚಿ ನಿಲ್ಲಿಸಿದ ಹಾಗಿತ್ತು. ‘ಅಣ್ಣಾ, ಇದಕ್ಕೆ ಯಾರು ಪಿಟಿ ಕೊಟ್ಟರು ಹೇಳಿ? ಒಂದು ಜೀನ್ ಕೆಟ್ಟರೆ ಸಾಕಂತೆ’ ಅಂದ. ಅವನ ಬ್ಯಾಗ್‌ನಲ್ಲಿ ಕಾರ್ಡರಿನ್ ಅಂತ ಬರೆದ ಸಣ್ಣ ಬಾಟಲ್ ಕೂಡ ಇತ್ತು, ಓಡದೇ ಸ್ಟ್ಯಾಮಿನಾ ಬರುತ್ತದಂತೆ. ಇದರಲ್ಲಿ ಎಷ್ಟು ನಿಜ? ಜೀನ್ ಎಡಿಟಿಂಗ್ ಬಂದು ನಾವೆಲ್ಲ ಶಟರ್ ಎಳೆಯಬೇಕಾ? ಗೊತ್ತಿದ್ದವರು ಹೇಳಿ.

ಊಟದ ಲೆಕ್ಕ, ಹುಬ್ಬಳ್ಳಿ

ನಾನು ಡಯಟಿಷಿಯನ್, ಶುಗರ್ ಕ್ಲಿನಿಕ್ ಒಂದರಲ್ಲಿ ಕೆಲಸ. ನಿಮ್ಮಲ್ಲಿಂದ ಹೋದಂಥವರೇ ದಿನಾ ನನ್ನ ಎದುರು ಕೂತಿರುತ್ತಾರೆ. ಬೇಜಾರು ಮಾಡ್ಕೋಬೇಡಿ ಅಣ್ಣಾ, ಬರೀ ತೂಕ ಇಳಿಸುವ ಪಂದ್ಯದಲ್ಲಿ ಜಿಮ್ ಸೋತಾಯಿತು. ಈ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ನ 2021ರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳಿಯಿತು. ಟಿರ್ಜೆಪಟೈಡ್, ಅಂದರೆ ಮೌಂಜಾರೋದಲ್ಲಿರುವ ಔಷಧಿ, 2022ರ ಪ್ರಯೋಗದಲ್ಲಿ ದೊಡ್ಡ ಡೋಸ್‌ಗೆ 20% ದಾಟಿತು. ನೂರು ಕೆಜಿ ಇದ್ದವರಿಗೆ ಇಪ್ಪತ್ತು ಕೆಜಿ. ಬರೀ ಟ್ರೆಡ್‌ಮಿಲ್ ಮೇಲೆ ಅಷ್ಟು ಇಳಿಸಿದವರು ನಿಮ್ಮಲ್ಲಿ ಎಷ್ಟು ಜನ? ಮೌಂಜಾರೋ ಇಲ್ಲಿಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ, ಅಂದರೆ ಸೆಮಾಗ್ಲುಟೈಡ್, ಅದೇ ವರ್ಷ ಜೂನ್‌ನಲ್ಲಿ. ಸೆಮಾಗ್ಲುಟೈಡ್ ಪೇಟೆಂಟ್ ಇಲ್ಲಿ ಇದ್ದದ್ದೇ 2026ರ ಮಾರ್ಚ್‌ವರೆಗೆ, ಅದು ಮುಗಿದರೆ ಬೇರೆ ಕಂಪನಿಯವರೂ ಮಾಡಬಹುದು. ಇದು ದುಡ್ಡಿದ್ದವರ ಔಷಧಿ, ನಮ್ಮೂರಿಗೆ ಬರಲ್ಲ ಅಂತ ಕೂರಬೇಡಿ.

ಆದರೆ ತೂಕದ ಮಷೀನ್ ಹೇಳದ ಮಾತು ಒಂದಿದೆ. ಆ 2021ರ ಪ್ರಯೋಗದಲ್ಲಿ ಕೆಲವರಿಗೆ ಡೆಕ್ಸಾ ಸ್ಕ್ಯಾನ್, ಅಂದರೆ ಮೈಯಲ್ಲಿ ಕೊಬ್ಬೆಷ್ಟು ಉಳಿದದ್ದೆಷ್ಟು ಅಂತ ತೋರಿಸುವ ಸ್ಕ್ಯಾನ್ ಮಾಡಿದ್ದರು. ಇಳಿದ ತೂಕದಲ್ಲಿ ಹತ್ತಿರ ಹತ್ತಿರ 40% ಕೊಬ್ಬಲ್ಲ. ಅದೆಲ್ಲ ಸ್ನಾಯುವೇ ಅಂತ ಅಲ್ಲ, ನೀರು ಗೀರು ಎಲ್ಲ ಸೇರುತ್ತದೆ, ಆದರೂ ಸ್ನಾಯು ಕರಗುವುದು ನಿಜ.

ನಮ್ಮಲ್ಲಿಗೆ ಬರುವ ಒಬ್ಬರು ಅಮ್ಮನಿಗೆ 58 ವರ್ಷ. ಹನ್ನೆರಡು ಕೆಜಿ ಇಳಿದು ಮುಖಕ್ಕೆ ಕಳೆ ಬಂದಿತ್ತು. ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ ಅಂದೆ. ಎರಡು ಸಲ ಎದ್ದರು. ಮೂರನೇ ಸಲ ಎದ್ದವರು ಮೊಣಕಾಲು ಹಿಡಿದುಕೊಂಡು, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಕೂತೇಬಿಟ್ಟರು. ಏನು ತಿಂತೀರಿ ಅಂದರೆ ಹಸಿವೇ ಇಲ್ಲಮ್ಮ, ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಮಜ್ಜಿಗೆ ಅನ್ನ. ಪ್ರೋಟೀನ್ ಎಲ್ಲಿಂದ ಬರಬೇಕು? ಅವರು ನಿಮ್ಮ ಗಿರಾಕಿ ಅಣ್ಣಾ. ಆದರೆ ನಿಮ್ಮ ಬೋರ್ಡ್ ಮೇಲೆ ‘10 ಕೆಜಿ ಗ್ಯಾರಂಟಿ’ ಅಂತಿದ್ದರೆ ಒಳಗೆ ಬರಲ್ಲ, ಅದು ಅವರಿಗೆ ಆಗಲೇ ಸಿಕ್ಕಿದೆ.

ಅರ್ಧದೋಸೆ, ಬೆಂಗಳೂರು

ಇಂಜೆಕ್ಷನ್ ತಗೊಂಡವನು ಇಲ್ಲಿದ್ದೇನೆ. ಮೊದಲ ತಿಂಗಳು ವಾಕರಿಕೆ, ಮಲಬದ್ಧತೆ, ಎಲ್ಲ ಆಯಿತು. ಒಂದು ಭಾನುವಾರ ಮಸಾಲೆ ದೋಸೆ ಅರ್ಧ ತಿಂದು ತಟ್ಟೆ ಪಕ್ಕಕ್ಕೆ ತಳ್ಳಿದೆ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯಾ ಅಂತ. ಊಟ ಮುಗಿಸುವಾಗಲೇ ಮುಂದಿನ ಊಟದ ಯೋಚನೆ ಮಾಡುತ್ತಿದ್ದ ತಲೆ, ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ. ತೆಳ್ಳಗಿರುವವರಿಗೆ ಇದು ಹೇಗಿರುತ್ತದೆ ಅಂತ ಅರ್ಥವಾಗಲ್ಲ ಬಿಡಿ.

ನನ್ನ ಸಿಟ್ಟು ಇರುವುದು ಟ್ರೈನರ್‌ಗಳ ಮೇಲೆ. ಆಗ ಹೋಗುತ್ತಿದ್ದ ಜಿಮ್‌ನಲ್ಲಿ ವಿಷಯ ಹೇಳಿದ್ದೇ ತಪ್ಪಾಯಿತು. ‘ಶಾರ್ಟ್‌ಕಟ್ ಸರ್’ ಅಂತ ಎಲ್ಲರ ಮುಂದೆ ನಕ್ಕ. ನನ್ನ ತಂದೆಗೆ ಬಿಪಿ ಮಾತ್ರೆ ಕೊಟ್ಟಾಗ ಯಾರೂ ಶಾರ್ಟ್‌ಕಟ್ ಅನ್ನಲಿಲ್ಲ. ಮತ್ತೆ ಆ ಕಡೆ ಹೋಗಲಿಲ್ಲ. ಎಂಟು ತಿಂಗಳಿಗೆ 13 ಕೆಜಿ ಇಳಿದೆ, ಖರ್ಚು ತಡೆಯಲಾಗದೆ ಬಿಟ್ಟೆ, ಐದೇ ತಿಂಗಳಲ್ಲಿ 8 ಕೆಜಿ ವಾಪಸ್. ಪ್ಯಾಂಟ್ ಎಲ್ಲ ದರ್ಜಿ ಹತ್ತಿರ ಚಿಕ್ಕದು ಮಾಡಿಸಿದ್ದೆ, ಈಗ ಅವನ ಮುಖ ನೋಡಲು ನಾಚಿಕೆ.

ಊಟದ ಲೆಕ್ಕ, ಹುಬ್ಬಳ್ಳಿ

@ಅರ್ಧದೋಸೆ ನಾಚಿಕೆ ಯಾಕೆ, ಬಿಟ್ಟರೆ ಹೀಗೇ ಆಗುತ್ತದೆ. ಸೆಮಾಗ್ಲುಟೈಡ್ ಪ್ರಯೋಗದಲ್ಲೂ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಡೆನ್ಮಾರ್ಕ್‌ನಲ್ಲಿ 195 ಜನರ ಮೇಲೆ ಒಂದು ಪ್ರಯೋಗ ಆಗಿದೆ, ಲಿರಾಗ್ಲುಟೈಡ್ ಅಂತ ಇದೇ ಜಾತಿಯ ಹಳೇ ಔಷಧಿ. ಔಷಧಿ ಜೊತೆ ವ್ಯಾಯಾಮವನ್ನೂ ಮಾಡಿದವರಿಗೇ ಎಲ್ಲರಿಗಿಂತ ಒಳ್ಳೆ ಫಲ ಸಿಕ್ಕಿತು. ಎಲ್ಲ ನಿಲ್ಲಿಸಿ ಒಂದು ವರ್ಷ ಆದಮೇಲೆ ನೋಡಿದರೂ, ವ್ಯಾಯಾಮ ಮಾಡಿದ್ದವರ ತೂಕ ಬರೀ ಔಷಧಿ ತಗೊಂಡವರಷ್ಟು ಏರಿರಲಿಲ್ಲ. ಮತ್ತೆ ಶುರು ಮಾಡುವುದಾದರೆ ಡಾಕ್ಟರ ಹತ್ತಿರ ಹೋಗಿ, ಸ್ನೇಹಿತರ ಪೆನ್ ಹಂಚಿಕೊಳ್ಳೋದು ಅದೆಲ್ಲ ಬೇಡ.

ಕೆಮ್ಮಣ್ಣು, ಮೈಸೂರು

ನಮ್ಮ ಗರಡಿಗೆ ತೂಕ ಇಳಿಸಲು ಅಂತ ಯಾರೂ ಬಂದದ್ದು ನಾನು ನೋಡಿಲ್ಲ. ತೂಕ ಏರಿಸಲು ಬರುತ್ತಿದ್ದರು. ಬೆಳಗಿನ ಜಾವ ಮಣ್ಣು ಹದ ಮಾಡಿ, ಐನೂರು ಬಸ್ಕಿ ಹೊಡೆದು, ಬಾದಾಮಿ ಹಾಲು ಕುಡಿದು ಹೋಗುತ್ತಿದ್ದರು. ವ್ಯಾಯಾಮ ಅಂದರೆ ತೂಕ ಇಳಿಸೋದು ಅಂತ ಹೇಳಿಕೊಟ್ಟವರು ನೀವೇ ಜಿಮ್‌ನವರು. ಈಗ ಇಂಜೆಕ್ಷನ್ ಬಂದು ಆ ಅಂಗಡಿ ಕಿತ್ತುಕೊಂಡರೆ ಅಳಬೇಡಿ. (ಹೌದು, ನಮ್ಮ ಗರಡಿಯಲ್ಲೂ ಈಗ ಹುಡುಗರು ಕಡಿಮೆ. ಅದಕ್ಕೆ ಇಂಜೆಕ್ಷನ್ ಕಾರಣ ಅಲ್ಲ.)

ಇಲಿಮನೆ, ಜರ್ಮನಿ

ನಾನು ಸ್ನಾಯುಗಳ ಮೇಲೆ ಸಂಶೋಧನೆ ಮಾಡುವ ಲ್ಯಾಬ್‌ನಲ್ಲಿದ್ದೇನೆ, ಇಲಿ ಸಾಕುವ ಪಾಳಿ ಮುಗಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆ ಹೋರಿ ಬೆಲ್ಜಿಯನ್ ಬ್ಲೂ ತಳಿ. ಯಾರೂ ಎಡಿಟ್ ಮಾಡಿದ್ದಲ್ಲ, ತಾನಾಗಿ ಆದ ಬದಲಾವಣೆ. ಸ್ನಾಯು ಸಾಕು, ಇನ್ನು ಬೆಳೆಯಬೇಡ ಅಂತ ಬ್ರೇಕ್ ಹಾಕುವ ಪ್ರೋಟೀನ್ ಒಂದಿದೆ, ಹೆಸರು ಮಯೋಸ್ಟಾಟಿನ್. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಇಲಿಗಳಲ್ಲಿ ಆ ಜೀನ್ ತೆಗೆದು ನೋಡಿದರು, ಇಲಿಗಳು ಪೈಲ್ವಾನರಾದವು. ಈ ತಳಿಯಲ್ಲಿ ಆ ಬ್ರೇಕ್ ಕೆಟ್ಟಿದೆ. ನಿಮ್ಮ ಹುಡುಗ ತೋರಿಸದ ಭಾಗ ಏನೆಂದರೆ, ಈ ತಳಿಯ ಬಹುಪಾಲು ಕರುಗಳನ್ನು ಸಿಸೇರಿಯನ್ ಮಾಡಿಯೇ ತೆಗೆಯಬೇಕು.

ಮನುಷ್ಯರಲ್ಲೂ ಇದೆ. ಬರ್ಲಿನ್‌ನಲ್ಲಿ ಹುಟ್ಟಿದ ಒಂದು ಮಗುವಿನ ಬಗ್ಗೆ 2004ರಲ್ಲಿ ವೈದ್ಯರು ಬರೆದರು. ಹುಟ್ಟಿದಾಗಲೇ ತೊಡೆಯಲ್ಲಿ ಸ್ನಾಯು ಎದ್ದು ಕಾಣುತ್ತಿತ್ತು. ನಾಲ್ಕೂವರೆ ವರ್ಷಕ್ಕೆ ಮೂರು ಮೂರು ಕೆಜಿಯ ಎರಡು ಡಂಬೆಲ್ ಹಿಡಿದು ಕೈ ಚಾಚಿ ನಿಲ್ಲುತ್ತಿದ್ದ. ನಿಮ್ಮಲ್ಲಿ ಹೊಸದಾಗಿ ಸೇರಿದವರ ಕೈಯಲ್ಲಿ ಮಾಡಿಸಿ ನೋಡಿ, ಗೊತ್ತಾಗುತ್ತದೆ.

ಹಾಗಾದರೆ ಎಡಿಟ್ ಮಾಡಿಬಿಡೋಣ ಅಂದರೆ ಅಷ್ಟು ಸುಲಭ ಇಲ್ಲ. 2023ರಲ್ಲಿ ಒಪ್ಪಿಗೆ ಸಿಕ್ಕ ಮೊದಲ ಕ್ರಿಸ್ಪರ್ (ಜೀನ್ ಕತ್ತರಿಸಿ ತಿದ್ದುವ ವಿಧಾನ) ಚಿಕಿತ್ಸೆ ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆಗೆ. ರಕ್ತ ಹುಟ್ಟಿಸುವ ಕೋಶಗಳನ್ನು ಹೊರಗೆ ತೆಗೆದು, ತಿದ್ದಿ, ವಾಪಸ್ ಹಾಕುತ್ತಾರೆ. ಅಮೆರಿಕದಲ್ಲಿ ಅದಕ್ಕೆ 22 ಲಕ್ಷ ಡಾಲರ್. ತೊಡೆಯನ್ನು ಹೊರಗೆ ತೆಗೆದು ತಿದ್ದಲು ಆಗಲ್ಲ ಅಲ್ವಾ? ಮೈಯಲ್ಲಿ ಇರುವ ಅಷ್ಟೂ ಸ್ನಾಯುವಿಗೆ ಒಳಗಿಂದಲೇ ತಲುಪಿಸಬೇಕು, ಅದನ್ನು ಹೊತ್ತೊಯ್ಯುವ ವೈರಸ್‌ನ ಡೋಸ್ ಜಾಸ್ತಿ ಬೇಕು. ಡುಶೆನ್ ಅನ್ನುವ ಸ್ನಾಯು ಕಾಯಿಲೆಯವರಿಗೆ ಹೀಗೆ ಜೀನ್ ಕೊಟ್ಟಾಗ 2025ರಲ್ಲಿ ಲಿವರ್ ಕೆಟ್ಟು ಜೀವ ಹೋದದ್ದೂ ಇದೆ. ಬೇರೆ ದಾರಿಯಿಲ್ಲದ ಕಾಯಿಲೆಗೆ ಆ ಅಪಾಯ ತಗೊಳ್ಳಬಹುದು. ಸಿಕ್ಸ್ ಪ್ಯಾಕ್‌ಗೆ? 2017ರಲ್ಲಿ ಅಮೆರಿಕದಲ್ಲಿ ಒಬ್ಬ ಸಭೆಯಲ್ಲೇ ಮಯೋಸ್ಟಾಟಿನ್ ಕೆಡಿಸುವ ಕ್ರಿಸ್ಪರ್ ಕೈಗೆ ಚುಚ್ಚಿಕೊಂಡ. ಕೈ ಇದ್ದ ಹಾಗೇ ಇದೆ. ಇನ್ನು ಆಟಗಾರರಿಗಂತೂ ಜೀನ್ ಡೋಪಿಂಗ್ 2003ರಿಂದಲೇ ನಿಷಿದ್ಧ.

ಕಬ್ಬಿಣದಣ್ಣ, ನೀವು ಹೆದರುವುದಾದರೆ ಎಡಿಟಿಂಗ್‌ಗೆ ಅಲ್ಲ, ಬಿಮಾಗ್ರುಮ್ಯಾಬ್‌ಗೆ ಹೆದರಿ. ಅದೇ ಬ್ರೇಕ್‌ನ ಸಂಕೇತ ಸ್ನಾಯುವಿಗೆ ಮುಟ್ಟದ ಹಾಗೆ ತಡೆಯುವ ಔಷಧಿ. 2025ರಲ್ಲಿ ಬಂದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಜೊತೆ ಕೊಟ್ಟಾಗ ಇಳಿದ ತೂಕದಲ್ಲಿ 90%ಗಿಂತ ಜಾಸ್ತಿ ಕೊಬ್ಬೇ. ಆದರೂ ಒಂದು ಮಾತು: ಸ್ನಾಯು ಉಳಿಯುವುದು ಬೇರೆ, ಬಲ ಬರುವುದು ಬೇರೆ. ಮಯೋಸ್ಟಾಟಿನ್ ಇಲ್ಲದ ಇಲಿಗಳಲ್ಲಿ ಸ್ನಾಯು ಗಾತ್ರಕ್ಕೆ ತಕ್ಕ ಬಲ ಇರಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಸಣ್ಣದು, ಪೆಡಸು. ದೊಡ್ಡ ಎಂಜಿನ್‌ಗೆ ಸೈಕಲ್ ಚೈನ್ ಹಾಕಿದ ಹಾಗೆ.

ಆ ಬಾಟಲ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಕಾರ್ಡರಿನ್ ಕೊಟ್ಟು ಓಡಿಸಿದ ಇಲಿಗಳ ತಾಕತ್ತು ಹೆಚ್ಚಿದ್ದು ನಿಜ, 2008ರಲ್ಲಿ ಅಮೆರಿಕದ ಸಾಲ್ಕ್ ಸಂಶೋಧನಾ ಸಂಸ್ಥೆಯವರು ತೋರಿಸಿದರು. ಆದರೆ ಅದನ್ನು ತಯಾರಿಸಿದ ಕಂಪನಿಯೇ ಔಷಧಿ ಮಾಡುವ ಯೋಚನೆ ಬಿಟ್ಟಿತು, ಯಾಕೆಂದರೆ ಇಲಿಗಳಿಗೆ ಹಲವು ಅಂಗಗಳಲ್ಲಿ ಕ್ಯಾನ್ಸರ್ ಬಂತು. ದಯವಿಟ್ಟು ಹುಡುಗನ ಕೈಯಿಂದ ಕಿತ್ತುಕೊಳ್ಳಿ.

ಕಬ್ಬಿಣದಣ್ಣ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಬಾಟಲ್ ಸಿಂಕ್‌ಗೆ ಸುರಿದೆವು, ಎರಡೂವರೆ ಸಾವಿರ ಹೋಯ್ತು ಅಂತ ಅವನು ಇನ್ನೂ ಮುಖ ಊದಿಸಿಕೊಂಡಿದ್ದಾನೆ. @ಅರ್ಧದೋಸೆ ಸರ್, ನಿಮ್ಮ ಮಾತು ಚುಚ್ಚಿತು. ನಾನೂ ಆ ಶಾರ್ಟ್‌ಕಟ್ ಮಾತು ಆಡಿದ್ದೇನೆ, ಮುಖದ ಮೇಲೆ ಅಲ್ಲ, ಹಿಂದಿನಿಂದ. ಬಿಟ್ಟು ಹೋದ ಇಬ್ಬರಿಗೂ ಮತ್ತೆ ಫೋನ್ ಮಾಡಿದೆ, ಇಂಜೆಕ್ಷನ್ ನಡೆಯಲಿ, ವಾರಕ್ಕೆ ಎರಡು ದಿನ ಕಾಲಿನ ಬಲಕ್ಕೆ ಬನ್ನಿ ಅಂದೆ. ಒಬ್ಬರು ಸೋಮವಾರ ಬರುತ್ತಾರೆ. ಇನ್ನೊಬ್ಬರು ನೋಡೋಣ ಅಂದರು, ಅಂದರೆ ಇಲ್ಲ ಅಂತ.

ಮೇಡಂ, ಆ ಕುರ್ಚಿ ಟೆಸ್ಟ್ ಸರಿಯಾಗಿ ಮಾಡುವುದು ಹೇಗೆ?

ಊಟದ ಲೆಕ್ಕ, ಹುಬ್ಬಳ್ಳಿ

ಸುಮಾರು 17 ಇಂಚು ಎತ್ತರದ ಕುರ್ಚಿ. ಕೈ ಎದೆಗೆ ಕಟ್ಟಿಕೊಳ್ಳಬೇಕು. 30 ಸೆಕೆಂಡಿಗೆ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು. ಕುರ್ಚಿ ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ ಅಣ್ಣಾ, ಜಾರುತ್ತದೆ.