ಬಚ್ಚಲಿನ ಗ್ಯಾಸ್ ಗೀಸರ್: ಪಿಯುಸಿ ಗೆಳೆಯರ ಗುಂಪಿನ ವಾಗ್ವಾದ

ಮಂಜುನಾಥ: [ಫಾರ್ವರ್ಡ್] ಮನೆ ಮಾಲೀಕರ ಗಮನಕ್ಕೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸಾಕು. ಅಪಾಯವಾದರೆ ವಾಸನೆಯಿಂದಲೇ ತಿಳಿಯುತ್ತದೆ.

ಸವಿತಾ: ಇದನ್ನ ಯಾರಿಗೂ ಕಳಿಸಬೇಡ ಮಂಜು. ವಾಸನೆ ಬರೋದು ಉರಿಯದೆ ಸೋರಿದ ಗ್ಯಾಸಿಗೆ, ಅದರಲ್ಲಿ ಮರ್ಕ್ಯಾಪ್ಟನ್ ಅನ್ನೋ ಗಬ್ಬು ವಾಸನೆಯ ರಾಸಾಯನಿಕ ಬೆರೆಸಿರ್ತಾರೆ. ಜೀವ ತೆಗೆಯೋದು ಗ್ಯಾಸ್ ಅರೆಬರೆ ಉರಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣನೂ ಇಲ್ಲ, ವಾಸನೆನೂ ಇಲ್ಲ.

ಮಂಜುನಾಥ: ಫ್ಯಾನ್ ಇದ್ರೆ ಅದೂ ಹೊರಗೆ ಹೋಗುತ್ತಲ್ಲ?

ಶ್ರೀಧರ: ಒಳಗೆ ಗಾಳಿ ಬರೋಕೆ ದಾರಿ ಎಲ್ಲಿದೆ? ಬಾಗಿಲು ಹಾಕಿ, ಚಳಿ ಅಂತ ಕಿಟಕಿನೂ ಮುಚ್ಚಿದ್ರೆ ಫ್ಯಾನ್ ಸುಮ್ಮನೆ ತಿರುಗುತ್ತೆ ಅಷ್ಟೆ. ಗೀಸರ್ ಹೊತ್ತಿಕೊಳ್ಳೋದು ಬ್ಯಾಟರಿ ಸೆಲ್‌ನಿಂದ. ಕರೆಂಟ್ ಹೋದ್ರೆ ಫ್ಯಾನ್ ನಿಲ್ಲುತ್ತೆ, ಉರಿ ನಿಲ್ಲಲ್ಲ.

ಮಂಜುನಾಥ: 20 ನಿಮಿಷಕ್ಕೆ ತಾನೇ ಆರಿಹೋಗೋ ಟೈಮರ್ ಇರುತ್ತಪ್ಪ.

ಶ್ರೀಧರ: ಲೆಕ್ಕ ಹಾಕು. ನಿಮಿಷಕ್ಕೆ 6 ಲೀಟರಿನ ಗೀಸರ್ 20 ನಿಮಿಷದಲ್ಲಿ ಸುಮಾರು 300 ಗ್ರಾಂ ಗ್ಯಾಸ್ ಸುಡುತ್ತೆ. ಅದು ಪೂರ್ತಿ ಉರಿಯೋಕೆ ಹತ್ತಿರ ಹತ್ತಿರ 4 ಘನ ಮೀಟರ್ ಗಾಳಿ ಬೇಕು. 4x6 ಅಡಿ ಬಚ್ಚಲು, 9 ಅಡಿ ಎತ್ತರ ಅಂದ್ರೆ ಒಳಗಿರೋದೇ 6 ಘನ ಮೀಟರ್ ಗಾಳಿ. ಆಮ್ಲಜನಕ ಇಳಿದಷ್ಟೂ ಮೊನಾಕ್ಸೈಡ್ ಏರುತ್ತೆ. ನಲ್ಲಿ ನಿಲ್ಲಿಸಿ ಮತ್ತೆ ಬಿಟ್ರೆ ಟೈಮರ್ ಮೊದಲಿಂದ ಶುರು. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದಾಗ ಎರಡನೆಯವರಿಗೇ ಹೆಚ್ಚು ಅಪಾಯ.

ಮಂಜುನಾಥ: ಬಾಡಿಗೆಗೆ ಕೊಟ್ಟಿರೋ ಮಹಡಿ ಮನೆಗೆ ನಾನು ಐಎಸ್‌ಐ ಮುದ್ರೆ ಇರೋದನ್ನೇ ಹಾಕಿಸಿರೋದು.

ಶ್ರೀಧರ: ಮುದ್ರೆ ಗೀಸರಿಗೆ ಕಣೋ, ಬಚ್ಚಲಿಗಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಮಾಮೂಲಿ ಬಚ್ಚಲಿಗೇ ಕನಿಷ್ಠ 0.3 ಚದರ ಮೀಟರ್ ಕಿಂಡಿ ಕೇಳುತ್ತೆ, ಹೆಚ್ಚುಕಮ್ಮಿ 2 ಅಡಿಗೆ ಒಂದೂವರೆ ಅಡಿ. 30x40 ಸೈಟಿನ ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಒಂದಡಿ ಗಾಜುಪಟ್ಟಿ ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ ಮುಖ ಮಾಡಿ.

ಡಾ. ಪೂರ್ಣಿಮಾ: ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟು ಮೀರಿ, ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತೆ. ತಲೆನೋವು, ವಾಕರಿಕೆ, ಆಮೇಲೆ ಕಾಲಲ್ಲಿ ಶಕ್ತಿನೇ ಇರಲ್ಲ. ಚಿಲಕ ಎರಡು ಹೆಜ್ಜೆ ದೂರ ಇದ್ರೂ ಕೈಗೆ ಸಿಗಲ್ಲ. ಬೆರಳಿಗೆ ಹಾಕೋ ಆಕ್ಸಿಮೀಟರ್ 98 ತೋರಿಸಿದ್ರೂ ನಂಬಬೇಡಿ, ಅದಕ್ಕೆ ಆಮ್ಲಜನಕ, ಮೊನಾಕ್ಸೈಡ್ ಎರಡರ ವ್ಯತ್ಯಾಸ ಗೊತ್ತಾಗಲ್ಲ. ತಕ್ಷಣ ಬಯಲಿಗೆ ತಂದು, ಆಸ್ಪತ್ರೆಗೆ ಒಯ್ದು 100% ಆಮ್ಲಜನಕ ಕೊಡಿಸಬೇಕು. ಗ್ಯಾಸ್ ಗೀಸರ್ ಇತ್ತು ಅಂತ ವೈದ್ಯರಿಗೆ ಮರೀದೆ ಹೇಳಿ.

ಮಂಜುನಾಥ: ಸರಿ, ಆದ್ರೆ ಗ್ಯಾಸ್ ತೆಗೆದು ಎಲೆಕ್ಟ್ರಿಕ್ ಗೀಸರ್ ಹಾಕಿಸೋದು ಅಂದ್ರೆ ವೈರಿಂಗ್ ಖರ್ಚು ನನ್ನ ತಲೆ ಮೇಲೆ.

ಸವಿತಾ: ನಿನ್ನ ತಲೆ ಮೇಲೇ ಬರಬೇಕು. ಬಾಡಿಗೆಯವರು ಗೋಡೆ ಒಡೆದು ಕಿಟಕಿ ದೊಡ್ಡದು ಮಾಡೋಕಾಗುತ್ತಾ?

ಶ್ರೀಧರ: ಗೀಸರ್, ಸಿಲಿಂಡರ್ ಎರಡನ್ನೂ ತೆರೆದ ಯುಟಿಲಿಟಿಗೆ, ಅಂದ್ರೆ ಪಾತ್ರೆ-ಬಟ್ಟೆ ತೊಳೆಯೋ ಜಾಗಕ್ಕೆ, ಸಾಗಿಸು. ಬಿಸಿನೀರಿಗೆ ಶಾಖ ತಡೆಯೋ ಸಿಪಿವಿಸಿ ಪೈಪ್, ಮಾಮೂಲಿ ಪಿವಿಸಿ ಮೆತ್ತಗಾಗುತ್ತೆ. ಪೈಪ್ ಒಳಗೆ ಬರೋ ಗೋಡೆ ತೂತಿನ ಸುತ್ತ ಸಿಮೆಂಟ್ ಮೆತ್ತಿಸು.

ಮಂಜುನಾಥ: ಯುಟಿಲಿಟಿಗೆ ಸ್ಲೈಡಿಂಗ್ ಗಾಜು ಹಾಕಿಸಿಬಿಟ್ಟಿದೀನಲ್ಲೋ.

ಶ್ರೀಧರ: ಹಾಗಾದ್ರೆ ಅದೂ ಮುಚ್ಚಿದ ಕೋಣೆನೇ. ಗಾಜು ತೆಗೆಸು, ಇಲ್ಲ ಎಲೆಕ್ಟ್ರಿಕ್ ಹಾಕಿಸು. 3 ಕಿಲೋವಾಟ್ ಅಂದ್ರೆ 13 ಆಂಪಿಯರ್, ಲೈಟಿನ ಲೈನಿಗೆ ಸೇರಿಸಬೇಡ. ಮೀಟರ್ ಬೋರ್ಡಿಂದ 4 ಚದರ ಮಿಮೀ ತಾಮ್ರದ ತಂತಿ, ಲೋಡ್ ಹೆಚ್ಚಾದ್ರೆ ಕಟ್ ಆಗೋ ಬೇರೆ ಎಂಸಿಬಿ ಸ್ವಿಚ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದ್ರೆ ಕಟ್ ಮಾಡೋ 30 ಮಿಲಿಆಂಪಿಯರ್ ಆರ್‌ಸಿಸಿಬಿ.

ಮಂಜುನಾಥ: ಎಲೆಕ್ಟ್ರಿಷಿಯನ್ ಸಿಗೋದು ಭಾನುವಾರ. ಅಲ್ಲಿವರೆಗೆ?

ಸವಿತಾ: ಇವತ್ತೇ ಮಹಡಿಯ ಬಾಡಿಗೆಯವರಿಗೆ ಹೇಳು. ಬಾಗಿಲು, ಕಿಟಕಿ ತೆರೆದಿಟ್ಟು ಹೊರಗೆ ನಿಂತೇ ಬಕೆಟ್ ತುಂಬಿಸಲಿ. ಗೀಸರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಚ್ಚಲು ಚೆನ್ನಾಗಿ ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಲಿ. ಮಕ್ಕಳಿಗೂ ತಿಳಿಸಿ ಹೇಳೋಕೆ ಹೇಳು.