ಅಪ್‌ಡೇಟ್: ಕಾಟ್ಲಾ ಮರಿ ಮೈ ಉಜ್ಜಿಕೊಳ್ತಿದ್ದಿದ್ದಕ್ಕೆ ಕಾರಣ ಸಿಕ್ತು

ಹೋದ ತಿಂಗಳು ಕೇಳಿದ್ನಲ್ಲ, ಕೃಷಿ ಹೊಂಡದ ಕಾಟ್ಲಾ ಮೀನಿನ ಮರಿಗಳು ಬೆಳಗ್ಗೆ ಮೇಲೆ ಬಂದು ಬಾಯಿ ಬಿಡ್ತಿವೆ, ಟಾರ್ಪಾಲಿಗೆ ಮೈ ಉಜ್ತಿವೆ, ಮೈಯೆಲ್ಲ ಬೂದಿ ಬಣ್ಣದ ಲೋಳೆ ಅಂತ. ತುಂಬಾ ಜನ ಬಿಳಿ ಚುಕ್ಕೆ ರೋಗ ಅಂದಿದ್ರಿ, ಅದಲ್ಲ. ಸತ್ತ ಮೀನಾದ್ರೆ ಮೈಗೆ ಅಂಟಿರೋ ರೋಗದ ಜೀವಿಗಳು ಬೇಗ ಬಿಟ್ಟು ಹೋಗ್ತವಂತೆ, ಅದಕ್ಕೆ ಜೀವಂತ ಮರೀನೇ ಆಕ್ಸಿಜನ್ ಕವರಲ್ಲಿ ತಗೊಂಡೋಗಿ ಕಿವಿರಿನ ಲೋಳೆ ಮೈಕ್ರೋಸ್ಕೋಪಲ್ಲಿ ನೋಡಿಸ್ದೆ. ಟ್ರೈಕೊಡೈನಾ ಅನ್ನೋ ಒಂದೇ ಕೋಶದ ಸೂಕ್ಷ್ಮಜೀವಿ! ದುಂಡಗೆ ತಟ್ಟೆ ಥರ, ಒಳಗೊಂದು ಹಲ್ಲಿನ ಚಕ್ರ, ಅಂಚಲ್ಲಿರೋ ರೋಮ ಆಡಿಸ್ಕೊಂಡು ಗಿರಗಿರ ತಿರುಗ್ತಾ ಇತ್ತು, ನಿಜ ಹೇಳ್ಬೇಕಂದ್ರೆ ನೋಡೋಕೆ ಚೆಂದಾನೇ ಇದೆ ದರಿದ್ರದ್ದು.

ಇದು ಮೀನಿನ ರಕ್ತ ಗಿಕ್ತ ಕುಡಿಯಲ್ಲ, ಹೆಚ್ಚಾಗಿ ನೀರಲ್ಲಿರೋ ಬ್ಯಾಕ್ಟೀರಿಯಾನೇ ತಿನ್ನೋದು, ನಾಲ್ಕಾರು ಇದ್ರೆ ಏನೂ ಆಗಲ್ಲ, ಆದ್ರೆ ಮೀನುಮರಿ ಜಾಸ್ತಿ ಬಿಟ್ಟು, ಹೊಂಡಕ್ಕೆ ಗೊಬ್ಬರವಾಗಿ ಹಾಕಿದ ಸಗಣಿ, ಉಳಿದ ಫೀಡ್ ಕೊಳೆತ್ರೆ ಒಂದು ಎರಡಾಗಿ ಸೀಳ್ಕೊಂಡು ಸಿಕ್ಕಾಪಟ್ಟೆ ಹೆಚ್ಚಾಗಿ ಕಿವಿರು ಕೆರೆದು ಹಾಕ್ತವೆ. ಗೊದಮೊಟ್ಟೆ ಮೇಲೂ ಇರ್ತವಂತೆ, ಹೈಡ್ರಾ ಅನ್ನೋ ಪುಟ್ಟ ನೀರುಜೀವಿ ಮೇಲೂ.

ಬಿಳಿ ಚುಕ್ಕೆದು ಬೇರೆ ಕಥೆ. ಅದನ್ನ ತರೋ ಇಕ್ತಿಯೊಫ್ತೀರಿಯಸ್ ಅನ್ನೋ ಸೂಕ್ಷ್ಮಜೀವಿ ಚರ್ಮದ ಒಳಗೇ ಕೂತ್ಕೊಳತ್ತೆ, ಅಲ್ಲಿಗೆ ಔಷಧಿ ತಲುಪಲ್ಲ, ಉದುರಿ ಕೆಳಗೆ ಬಿದ್ದು ಒಡೆದು ಅದರದ್ದೇ ನೂರಾರು ಮರಿ ಈಜೋಕೆ ಬಂದಾಗ್ಲೇ ಹೊಡೀಬೇಕು. ನಮ್ದು ಹೊರಗಡೇನೇ ಅಂಟ್ಕೊಂಡಿದ್ರಿಂದ ಉಪ್ಪಲ್ಲೇ ಆಯ್ತು: ಲೀಟರಿಗೆ 20 ಗ್ರಾಂ ಕಲ್ಲುಪ್ಪು ಕರಗಿಸಿ ಬಲೆ ಸಮೇತ ಒಂದೆರಡು ನಿಮಿಷ ಅದ್ದೋದು, ಮರಿ ವಾಲಿದ ತಕ್ಷಣ ಎತ್ತೋದು. ಸಗಣಿ ನಿಲ್ಲಿಸಿ ಅರ್ಧ ಮರಿ ಪಕ್ಕದ ಹೊಂಡಕ್ಕೆ ಬಿಟ್ವಿ. ಉಜ್ಜೋದು ನಿಂತಿದೆ, ಫೀಡಿಗೂ ಬರ್ತಿವೆ.